ಕಾಳಿನೊಳಗಿನ ಬುತ್ತಿ

ರಾತ್ರಿ ನೆನೆಹಾಕಿದ ಅವರೆಕಾಳೊಂದನ್ನು ಬೆಳಿಗ್ಗೆ ಎರಡು ಬೆರಳುಗಳ ನಡುವೆ ಹಿಡಿದು ಒತ್ತಿ. ಸಿಪ್ಪೆ ಕೈಯಲ್ಲುಳಿದು ಕಾಳು ಪುಳಕ್ಕನೆ ಹೊರಬೀಳುತ್ತದೆ. ಹಿತಕಿದ ಬೇಳೆ ಎಂದು ನಾವು ಸಾರು ಮಾಡಿ ಚಪ್ಪರಿಸುವುದು ಇದನ್ನೇ. ಉಗುರಿನಿಂದ ಮೆಲ್ಲಗೆ ಬಿಡಿಸಿದರೆ ಅದು ಎರಡು ಹೋಳಾಗುತ್ತದೆ. ಹೋಳುಗಳ ಒಂದು ಅಂಚಿನಲ್ಲಿ ಪುಟ್ಟದೊಂದು ಮೊಳಕೆ ಅಂಟಿಕೊಂಡಿರುತ್ತದೆ. ಮುಂದೆ ಬೇರು, ಕಾಂಡ, ಎಲೆಗಳಾಗಿ ಬೆಳೆಯುವುದು ಆ ಚೂರೇ. ಹಾಗಾದರೆ ಇಷ್ಟು ದಪ್ಪನೆಯ ಎರಡು ಹೋಳುಗಳ ಕೆಲಸವೇನು?

ಅವು ಬುತ್ತಿ. ಎಳೆಯ ಸಸಿ ಮಣ್ಣಿನಲ್ಲಿ ಬೇರು ಬಿಟ್ಟು, ಹಸಿರೆಲೆ ಬಿಚ್ಚಿ, ತನ್ನ ಅನ್ನವನ್ನು ತಾನೇ ಸಂಪಾದಿಸುವವರೆಗೆ ಬೇಕಾದ ಆಹಾರವೆಲ್ಲ ಅಲ್ಲಿದೆ. ಬುತ್ತಿಗೆ ಬೇಕಾದ ಸಾಮಾನನ್ನು ತಾಯಿಗಿಡ ಕಳುಹಿಸುತ್ತದೆ; ಅಡುಗೆ ಮಾತ್ರ ಕಾಳಿನೊಳಗೇ ನಡೆಯುತ್ತದೆ. ಈ ಬುತ್ತಿಯನ್ನು ದಾರಿಯಲ್ಲೇ ತಡೆದು ನಾವು ನಮ್ಮ ತಟ್ಟೆಗೆ ಹಾಕಿಕೊಳ್ಳುತ್ತೇವೆ. ಅಕ್ಕಿಯೂ ಇಂಥದೇ ಬುತ್ತಿ. ಆದರೆ 100 ಗ್ರಾಂ ಅಕ್ಕಿಯಲ್ಲಿ ಪ್ರೋಟೀನು ಇರುವುದು ಸುಮಾರು 7 ಗ್ರಾಂ. ಅಷ್ಟೇ ತೂಕದ ತೊಗರಿ, ಹೆಸರು, ಉದ್ದು, ಕಡಲೆಗಳಲ್ಲಿ 20ರಿಂದ 25 ಗ್ರಾಂ. ಸೋಯಾ ಅವರೆಯಲ್ಲಂತೂ 40 ಗ್ರಾಂಗೆ ಹತ್ತಿರ.

ಬೆಳೆಯುವ ಮಕ್ಕಳಿರುವ ಮನೆಯಲ್ಲಿ ಈ ಅಂಕಿಗಳಿಗೆ ಮಹತ್ವವಿದೆ. ಮಾಂಸ, ಮೊಟ್ಟೆ ತಿನ್ನದ ಅಥವಾ ಕೊಳ್ಳಲಾಗದ ಕುಟುಂಬಗಳಿಗೆ ಬೇಳೆಕಾಳೇ ಪ್ರೋಟೀನಿನ ಮುಖ್ಯ ಆಸರೆ. ಆ ಬುತ್ತಿಯಲ್ಲಿ ಒಂದು ಕೊರತೆಯೂ ಇದೆ. ಅದನ್ನು ತುಂಬಲು ವಿಜ್ಞಾನಿಗಳು ದಶಕಗಳಿಂದ ಹೆಣಗುತ್ತಿದ್ದಾರೆ. ಒಂದೊಂದು ಸಲವೂ ಕಾಳು ಅವರಿಗೆ ಹೊಸ ಪಾಠ ಕಲಿಸಿದೆ.

ಉಪ್ಪುನೀರಿನ ಪರೀಕ್ಷೆ

ಕಾಳಿನ ಪ್ರೋಟೀನುಗಳಿಗೆ ಮೊದಲು ಒಂದು ಕ್ರಮ ಹಾಕಿಕೊಟ್ಟವನು ಅಮೆರಿಕದ ಥಾಮಸ್ ಆಸ್ಬೋರ್ನ್. ಕನೆಕ್ಟಿಕಟ್ ಕೃಷಿ ಪ್ರಯೋಗ ಕೇಂದ್ರದಲ್ಲಿ ಈತ ತನ್ನ ಆಯುಷ್ಯದ ಬಹುಪಾಲನ್ನು ಬೀಜಗಳನ್ನು ಅರೆದು, ಸೋಸಿ, ಕರಗಿಸಿ ನೋಡುವುದರಲ್ಲೇ ಕಳೆದ. ಅವನ ಉಪಾಯ ತೀರಾ ಸರಳ. ಬೀಜದ ಹಿಟ್ಟನ್ನು ಮೊದಲು ಬರಿಯ ನೀರಿನಲ್ಲಿ, ಆಮೇಲೆ ಉಪ್ಪುನೀರಿನಲ್ಲಿ, ಅನಂತರ ಮದ್ಯಸಾರದಲ್ಲಿ, ಕೊನೆಗೆ ತೆಳು ಆಮ್ಲ ಅಥವಾ ಕ್ಷಾರದಲ್ಲಿ ಕಲಸುವುದು. ಯಾವ ಪ್ರೋಟೀನು ಯಾವುದರಲ್ಲಿ ಕರಗುತ್ತದೋ ಅದರ ಪ್ರಕಾರ ಗುಂಪು ಮಾಡುವುದು. ನೀರಿನಲ್ಲಿ ಕರಗಿದ್ದು ಆಲ್ಬುಮಿನ್, ಉಪ್ಪುನೀರಿನಲ್ಲಿ ಕರಗಿದ್ದು ಗ್ಲಾಬ್ಯುಲಿನ್, ಮದ್ಯಸಾರದಲ್ಲಿ ಕರಗಿದ್ದು ಪ್ರೋಲಮಿನ್, ಉಳಿದದ್ದು ಗ್ಲುಟೆಲಿನ್. ನೂರು ವರ್ಷ ಕಳೆದರೂ ಈ ವಿಂಗಡಣೆ ಪಠ್ಯಪುಸ್ತಕಗಳಲ್ಲಿ ಉಳಿದುಕೊಂಡಿದೆ.

ಬೇಳೆಕಾಳುಗಳ ದಾಸ್ತಾನು ಪ್ರೋಟೀನುಗಳಲ್ಲಿ ಹೆಚ್ಚಿನ ಪಾಲು ಗ್ಲಾಬ್ಯುಲಿನ್. ಅದರಲ್ಲಿ ಎರಡು ಪಂಗಡಗಳು. ದೊಡ್ಡ ಗಾತ್ರದ್ದು ಲೆಗ್ಯುಮಿನ್, ಚಿಕ್ಕದು ವಿಸಿಲಿನ್. ಆರು ತುಂಡುಗಳು ಕೂಡಿ ಒಂದು ಲೆಗ್ಯುಮಿನ್ ಆಗುತ್ತದೆ, ಮೂರು ತುಂಡುಗಳು ಕೂಡಿ ಒಂದು ವಿಸಿಲಿನ್. ಸೋಯಾದಲ್ಲಿ ಇವೇ ಗ್ಲೈಸಿನಿನ್ ಮತ್ತು ಕಾನ್‌ಗ್ಲೈಸಿನಿನ್ ಎಂಬ ಹೆಸರು ಪಡೆದಿವೆ. ಬೀನ್ಸ್‌ನಲ್ಲಿ ವಿಸಿಲಿನ್ ಪಂಗಡದ್ದೇ ಕಾರುಬಾರು. ಅಲ್ಲಿ ಅದರ ಹೆಸರು ಫೇಸಿಯೋಲಿನ್.

ತಾಯಂದಿರು ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಗ್ಲಾಬ್ಯುಲಿನ್ ಬರಿಯ ನೀರಿನಲ್ಲಿ ಕರಗುವುದು ಕಷ್ಟ. ಕಾದಾಗ ಅದು ಗಟ್ಟಿಗಟ್ಟುತ್ತದೆ. ಆದ್ದರಿಂದ ಬೇಳೆ ಬೇಯಿಸಿದಾಗ ಪ್ರೋಟೀನಿನ ಬಹುಪಾಲು ಬೇಳೆಯಲ್ಲೇ ಉಳಿಯುತ್ತದೆ. ಮೇಲಿನ ತಿಳಿಯಾದ ಕಟ್ಟನ್ನು ಬಸಿದು ‘ಶಕ್ತಿ ಬರಲಿ’ ಎಂದು ಮಗುವಿಗೆ ಕುಡಿಸಿದರೆ ಹೊಟ್ಟೆ ತುಂಬೀತೇ ಹೊರತು ಪ್ರೋಟೀನು ದಕ್ಕುವುದು ಅಲ್ಪ. ಬೇಳೆಯನ್ನೇ ನುಣ್ಣಗೆ ಮಸೆದು ಅನ್ನಕ್ಕೆ ಕಲಸಿ ಕೊಡಬೇಕು.

ಇಲಿಗಳು ಹೇಳಿದ ಸತ್ಯ

ಆಸ್ಬೋರ್ನ್ ಅಷ್ಟಕ್ಕೇ ನಿಲ್ಲಲಿಲ್ಲ. ಯೇಲ್ ವಿಶ್ವವಿದ್ಯಾಲಯದ ಲಫಾಯೆಟ್ ಮೆಂಡೆಲ್ ಜೊತೆ ಸೇರಿ ಒಂದೊಂದೇ ಪ್ರೋಟೀನನ್ನು ಬೇರ್ಪಡಿಸಿ ಇಲಿಗಳಿಗೆ ತಿನ್ನಿಸಿ ನೋಡಿದ. ಈ ಮೆಂಡೆಲ್ ಬೇರೆ. ಬಟಾಣಿಯ ಮೆಂಡೆಲ್ ಬೇರೆ. ಮೆಕ್ಕೆಜೋಳದ ಜೀನ್ ಎಂಬ ಪ್ರೋಟೀನನ್ನು ಮಾತ್ರ ತಿಂದ ಇಲಿಗಳು ಬೆಳೆಯಲೇ ಇಲ್ಲ. ಅದಕ್ಕೆ ಲೈಸಿನ್, ಟ್ರಿಪ್ಟೊಫಾನ್ ಎಂಬ ಎರಡು ಅಮೈನೊ ಆಮ್ಲಗಳನ್ನು ಬೆರೆಸಿದೊಡನೆ ಬೆಳೆಯತೊಡಗಿದವು. ಇದು 1914ರ ಮಾತು. ಪ್ರೋಟೀನು ಎಂದರೆ ತೂಕವೊಂದೇ ಅಲ್ಲ, ಅದರಲ್ಲಿ ಏನೇನಿದೆ ಎಂಬುದೂ ಮುಖ್ಯ ಎಂದು ಆಗ ಖಚಿತವಾಯಿತು.

ಇದನ್ನು ಹಳೆಯ ಅಚ್ಚುಕೂಟಕ್ಕೆ ಹೋಲಿಸಬಹುದು. ಪುಟ ಜೋಡಿಸಲು ಬೇಕಾದ ಅಚ್ಚುಮೊಳೆಗಳು ಖಾನೆಗಳಲ್ಲಿ ತುಂಬಿರುತ್ತವೆ. ‘ಕ’ ಸಾವಿರ ಇರಲಿ, ‘ರ’ ಸಾವಿರ ಇರಲಿ, ‘ನ’ ಮುಗಿದರೆ ಕೆಲಸ ಅಲ್ಲಿಗೇ ನಿಂತಿತು. ನಮ್ಮ ದೇಹ ಪ್ರೋಟೀನನ್ನು ಕಟ್ಟುವುದು 20 ಬಗೆಯ ಅಮೈನೊ ಆಮ್ಲಗಳಿಂದ. ಅವುಗಳಲ್ಲಿ 9 ಬಗೆಗಳನ್ನು ದೇಹ ತಾನೇ ತಯಾರಿಸಲಾರದು, ಊಟದಿಂದಲೇ ಬರಬೇಕು. ಬೇಳೆಕಾಳಿನಲ್ಲಿ ಲೈಸಿನ್ ಧಾರಾಳ. ಕಡಿಮೆ ಇರುವುದು ಮೆಥಿಯೊನಿನ್. ಮೆಥಿಯೊನಿನ್ ಮತ್ತು ಅದರ ಬಂಧುವಾದ ಸಿಸ್ಟೀನ್, ಇವೆರಡರಲ್ಲಿ ಮಾತ್ರ ಗಂಧಕ ಇರುತ್ತದೆ. ಬೇಳೆಯ ಕೊರತೆ ಎಂದರೆ ಹೆಚ್ಚುಕಡಿಮೆ ಗಂಧಕದ ಕೊರತೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಅದೇ ಜೋಡಿ 1917ರಲ್ಲಿ ಇನ್ನೊಂದನ್ನು ತೋರಿಸಿತು. ಹಸಿ ಸೋಯಾ ತಿಂದ ಇಲಿಗಳು ಸೊರಗಿದವು, ಬೇಯಿಸಿದ ಸೋಯಾ ತಿಂದವು ಚೆನ್ನಾಗಿ ಬೆಳೆದವು. ಬುತ್ತಿಯನ್ನು ಕದಿಯುವವರಿಗೆಂದು ಕಾಳು ಅದರಲ್ಲಿ ಕಾವಲುಗಾರನನ್ನೂ ಇಟ್ಟಿರುತ್ತದೆ. ಜೀರ್ಣರಸದ ಟ್ರಿಪ್ಸಿನ್ ಕಿಣ್ವವನ್ನು ಕಟ್ಟಿಹಾಕುವ ಪ್ರೋಟೀನು ಅದು. ಸೋಯಾದಲ್ಲಿನ ಇಂಥ ಪ್ರೋಟೀನನ್ನು 1945ರಲ್ಲಿ ಹರಳಾಗಿ ಬೇರ್ಪಡಿಸಿದವನು ಮೋಸೆಸ್ ಕುನಿಟ್ಸ್. ಬೆಂಕಿಯ ಮುಂದೆ ಈ ಕಾವಲುಗಾರನ ಆಟ ನಡೆಯದು. ಕಾಳು ಚೆನ್ನಾಗಿ ಬೇಯಬೇಕು ಎಂದು ಅಜ್ಜಿ ಹೇಳುತ್ತಿದ್ದುದರ ಹಿಂದೆ ಇಷ್ಟೆಲ್ಲ ರಸಾಯನಶಾಸ್ತ್ರ ಇದೆ.

ಸುಕ್ಕು ಬಟಾಣಿಯ ಗುಟ್ಟು

ಇನ್ನು ಬಟಾಣಿಯ ಮೆಂಡೆಲ್ ಬಳಿಗೆ ಬರೋಣ. ಗ್ರೆಗರ್ ಮೆಂಡೆಲ್ ದುಂಡು ಬಟಾಣಿ ಮತ್ತು ಸುಕ್ಕು ಬಟಾಣಿಗಳನ್ನು ಸಂಕರಿಸಿದ್ದನ್ನು ಪ್ರೌಢಶಾಲೆಯ ಪ್ರತಿ ವಿದ್ಯಾರ್ಥಿಯೂ ಓದಿರುತ್ತಾನೆ. ಎರಡನೇ ಪೀಳಿಗೆಯಲ್ಲಿ ಅವನಿಗೆ ಸಿಕ್ಕಿದ್ದು 5,474 ದುಂಡು, 1,850 ಸುಕ್ಕು. ಹೆಚ್ಚುಕಡಿಮೆ ಮೂರಕ್ಕೆ ಒಂದು. ಒಂದೇ ಸೊಡರಿನಲ್ಲಿ ದುಂಡು ಮತ್ತು ಸುಕ್ಕು ಕಾಳುಗಳು ಪಕ್ಕಪಕ್ಕದಲ್ಲೇ ಕೂತಿದ್ದವು. ಕಾರಣ ನಾವು ಆಗಲೇ ಹೇಳಿದ್ದು: ಸಾಮಾನು ತಾಯಿಯದಾದರೂ ಅಡುಗೆ ಒಂದೊಂದು ಕಾಳಿನ ಸ್ವಂತದ್ದು. ಅಡುಗೆಯ ವಿಧಾನ ಬರೆದಿರುವುದು ಆ ಕಾಳಿನ ವಂಶವಾಹಿಗಳಲ್ಲಿ.

ಸುಕ್ಕು ಏಕೆ ಬೀಳುತ್ತದೆ ಎಂಬುದಕ್ಕೆ ಉತ್ತರ ಸಿಗಲು 1990 ಆಗಬೇಕಾಯಿತು. ಇಂಗ್ಲೆಂಡಿನ ನಾರ್ವಿಚ್‌ನಲ್ಲಿರುವ ಜಾನ್ ಇನ್ನೆಸ್ ಸಂಸ್ಥೆಯ ತಂಡ ಆ ವಂಶವಾಹಿಯನ್ನು ಹಿಡಿಯಿತು. ಪಿಷ್ಟದ ಸರಪಳಿಗೆ ಕವಲು ಮೂಡಿಸುವ ಕಿಣ್ವವೊಂದರ ವಂಶವಾಹಿ ಅದು. ಸುಕ್ಕು ಬಟಾಣಿಯಲ್ಲಿ ಅದರ ನಡುವೆ ಸುಮಾರು 800 ಅಕ್ಷರಗಳ ಒಂದು ಡಿಎನ್‌ಎ ತುಣುಕು ನುಸುಳಿ ಕೂತಿತ್ತು. ಕಿಣ್ವ ಕೆಟ್ಟಿತು, ಪಿಷ್ಟ ಕಡಿಮೆಯಾಯಿತು, ಸಕ್ಕರೆ ಹೆಚ್ಚಿತು. ಸಕ್ಕರೆ ನೀರನ್ನು ಎಳೆದುಕೊಂಡಿತು. ಕಾಳು ಒಣಗಿ ಆ ನೀರು ಹೋದಾಗ ಸಿಪ್ಪೆ ಸುಕ್ಕುಗಟ್ಟಿತು. ನಾವು ಸಿಹಿಯೆಂದು ಹಸಿಯಾಗಿಯೇ ಮೆಲ್ಲುವ ತೋಟದ ಬಟಾಣಿ ಬಹುಮಟ್ಟಿಗೆ ಈ ಸುಕ್ಕು ಬಳಗದ್ದೇ.

ನಮ್ಮ ವಿಷಯಕ್ಕೆ ಸಂಬಂಧಿಸಿದ ಸ್ವಾರಸ್ಯ ಇನ್ನೂ ಇದೆ. ಸುಕ್ಕು ಬಟಾಣಿಯಲ್ಲಿ ಲೆಗ್ಯುಮಿನ್ ಪ್ರಮಾಣವೂ ಕಡಿಮೆ. ಲೆಗ್ಯುಮಿನ್‌ನ ಸ್ವಂತ ವಂಶವಾಹಿಗಳಿಗೆ ಏನೂ ಆಗಿಲ್ಲ. ಕೆಟ್ಟದ್ದು ಪಿಷ್ಟದ ವಂಶವಾಹಿ, ಪೆಟ್ಟು ಬಿದ್ದದ್ದು ಪ್ರೋಟೀನಿಗೆ. ಒಂದು ಕಾಳಿನೊಳಗೆ ಪಿಷ್ಟ, ಸಕ್ಕರೆ, ನೀರು, ಪ್ರೋಟೀನು ಇವೆಲ್ಲ ಒಂದೇ ಮನೆಯ ಖರ್ಚಿನ ಹಾಗೆ. ಒಂದು ಬಾಬಿನಲ್ಲಿ ಏರುಪೇರಾದರೆ ಇನ್ನೊಂದಕ್ಕೆ ತಟ್ಟದೆ ಇರದು.

ಒಂದಲ್ಲ, ಒಂದು ಬಳಗ

ಒಂದು ಗುಣಕ್ಕೆ ಒಂದು ವಂಶವಾಹಿ ಎಂಬ ಸರಳ ಲೆಕ್ಕ ದಾಸ್ತಾನು ಪ್ರೋಟೀನುಗಳಿಗೆ ಹೊಂದುವುದಿಲ್ಲ. ಸೋಯಾದ ಗ್ಲೈಸಿನಿನ್‌ಗೆ ಮುಖ್ಯವಾಗಿ ಐದು ವಂಶವಾಹಿಗಳಿವೆ. ಕಾನ್‌ಗ್ಲೈಸಿನಿನ್‌ಗೆ ಅದಕ್ಕಿಂತ ಹೆಚ್ಚು. ಒಂದೇ ಮೂಲದಿಂದ ನಕಲಾಗಿ, ಕಾಲಾಂತರದಲ್ಲಿ ಅಷ್ಟಿಷ್ಟು ಬದಲಾದ ಬಳಗ ಇದು. ಕೆಲವೇ ವಾರಗಳಲ್ಲಿ ಕಾಳು ತುಂಬಬೇಕಾದಾಗ ಒಬ್ಬ ಅಡುಗೆಯವನಿಗಿಂತ ಹತ್ತು ಮಂದಿ ಮೇಲಲ್ಲವೇ?

ಗಿಡದ ಬೇರು, ಎಲೆ, ಹೂವು ಎಲ್ಲದರ ಜೀವಕೋಶಗಳಲ್ಲೂ ಈ ವಂಶವಾಹಿಗಳಿವೆ. ಆದರೆ ಅಲ್ಲೆಲ್ಲ ಅವು ಬೀಗ ಹಾಕಿಕೊಂಡಿರುತ್ತವೆ. ಕಾಳು ಬಲಿಯುವ ಹೊತ್ತಿನಲ್ಲಿ ಮಾತ್ರ, ಕಾಳಿನಲ್ಲಿ ಮಾತ್ರ ಬೀಗ ತೆರೆಯುತ್ತದೆ. ಬೀಗದ ಕೈ ಇರುವುದು ವಂಶವಾಹಿಯ ಮುಂದಿನ ಒಂದು ಡಿಎನ್‌ಎ ಭಾಗದಲ್ಲಿ. ಇದು ತಿಳಿದ ಮೇಲೆ ಬೇರೆ ಗಿಡದ ವಂಶವಾಹಿಗೂ ಅದೇ ಬೀಗ ಜೋಡಿಸಿ ಕಾಳಿನಲ್ಲೇ ಕೆಲಸ ಮಾಡಿಸಬಹುದು ಎಂಬ ಆಸೆ ಹುಟ್ಟಿತು. 1983ರಲ್ಲಿ ಅಮೆರಿಕದ ವಿಜ್ಞಾನಿಗಳು ಬೀನ್ಸ್‌ನ ಫೇಸಿಯೋಲಿನ್ ವಂಶವಾಹಿಯನ್ನು ಸೂರ್ಯಕಾಂತಿಯ ಅಂಗಾಂಶಕ್ಕೆ ಸೇರಿಸಿ ಕೆಲಸ ಮಾಡಿಸಿದರು. ಸಂಬಂಧವಿಲ್ಲದ ಎರಡು ಗಿಡಗಳ ನಡುವೆ ವಂಶವಾಹಿ ದಾಟಿಸಿದ ಮೊದಮೊದಲ ಪ್ರಯತ್ನಗಳಲ್ಲಿ ಅದೂ ಒಂದು.

ಫೇಸಿಯೋಲಿನ್ ಇತಿಹಾಸಕಾರನ ಕೆಲಸವನ್ನೂ ಮಾಡಿದೆ. ಅದರ ವಂಶವಾಹಿಗಳು ಒಂದೇ ಕಡೆ ಗುಂಪಾಗಿದ್ದು, ಗುಂಪಾಗಿಯೇ ಮಕ್ಕಳಿಗೆ ಹೋಗುತ್ತವೆ. 1980ರ ದಶಕದಲ್ಲಿ ಪಾಲ್ ಗೆಪ್ಟ್ಸ್ ಮತ್ತು ಸಂಗಡಿಗರು ಕಾಡು ಬೀನ್ಸ್ ಹಾಗೂ ನಾಟಿ ತಳಿಗಳ ಫೇಸಿಯೋಲಿನ್‌ಗಳನ್ನು ವಿದ್ಯುತ್ ಹಾಯಿಸಿದ ಜೆಲ್ಲಿಯಲ್ಲಿ ಓಡಿಸಿ ಪಟ್ಟೆಗಳನ್ನು ಹೋಲಿಸಿದರು. ಮೆಕ್ಸಿಕೊ, ಮಧ್ಯ ಅಮೆರಿಕದ ತಳಿಗಳದು ಒಂದು ಪಟ್ಟೆ, ಆಂಡಿಸ್ ಪರ್ವತ ಸೀಮೆಯದು ಇನ್ನೊಂದು. ಅಂದರೆ ಮನುಷ್ಯ ಈ ಬೆಳೆಯನ್ನು ಎರಡು ಕಡೆ, ಬೇರೆ ಬೇರೆಯಾಗಿ ಪಳಗಿಸಿದ್ದ. ನಾವು ರಾಜ್ಮಾ ಎಂದು ಕೊಳ್ಳುವ ಕಾಳು ತನ್ನ ಊರಿನ ಗುರುತನ್ನು ಬುತ್ತಿಯಲ್ಲೇ ಕಟ್ಟಿಕೊಂಡು ಬಂದಿರುತ್ತದೆ.

ಗಂಧಕದ ಜಮಾಖರ್ಚು

ಈಗ ಮೆಥಿಯೊನಿನ್ ಕೊರತೆಗೆ ಬರೋಣ. ಬ್ರೆಜಿಲ್ ನಟ್ ಎಂಬ ದಕ್ಷಿಣ ಅಮೆರಿಕದ ಕಾಯಿಯಲ್ಲಿ ಒಂದು ಆಲ್ಬುಮಿನ್ ಇದೆ. ಅದರ ಶೇಕಡಾ 18ರಷ್ಟು ಮೆಥಿಯೊನಿನ್. ಅದರ ವಂಶವಾಹಿಯನ್ನು ಸೋಯಾಕ್ಕೆ ಸೇರಿಸಿದರೆ ಪಶು ಆಹಾರದ ಗುಣ ಹೆಚ್ಚೀತು ಎಂದು ಅಮೆರಿಕದ ಪಯೊನೀರ್ ಬೀಜ ಕಂಪನಿ ಯೋಚಿಸಿತು, ಸೇರಿಸಿಯೂ ತೋರಿಸಿತು. ಆದರೆ ಬ್ರೆಜಿಲ್ ನಟ್ ಕೆಲವರಿಗೆ ಒಗ್ಗುವುದಿಲ್ಲ, ತಿಂದರೆ ಪ್ರಾಣಕ್ಕೇ ಅಪಾಯ. ಅಂಥವರ ರಕ್ತದ ಸೀರಂ ತಂದು ಹೊಸ ಸೋಯಾದೊಡನೆ ಪರೀಕ್ಷಿಸಲಾಯಿತು. ಮೂವರ ಚರ್ಮದ ಮೇಲೂ ಪರೀಕ್ಷೆ ನಡೆಯಿತು. ಅಲರ್ಜಿ ಅಲ್ಲಿಯೂ ಕಾಣಿಸಿಕೊಂಡಿತು. ಅಲರ್ಜಿಗೆ ಕಾರಣವಾದ ಪ್ರೋಟೀನೇ ಸೋಯಾಕ್ಕೆ ದಾಟಿತ್ತು! 1996ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಆ ಸೋಯಾ ಮಾರುಕಟ್ಟೆಗೆ ಬರಲೇ ಇಲ್ಲ. ಮೊದಲೇ ಪರೀಕ್ಷಿಸಿ ನೋಡಿದ್ದರಿಂದ ಅನಾಹುತ ತಪ್ಪಿತು. ಅಂಥ ಪರೀಕ್ಷೆ ಏಕೆ ಕಡ್ಡಾಯವಾಗಿರಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಮರುವರ್ಷ, ಅಂದರೆ 1997ರಲ್ಲಿ, ಆಸ್ಟ್ರೇಲಿಯಾದಿಂದ ಇನ್ನೊಂದು ವರದಿ ಬಂತು. ಅಲ್ಲಿ ಕುರಿಗಳಿಗೆ ಮೇವಾಗಿ ಲೂಪಿನ್ ಎಂಬ ದ್ವಿದಳ ಧಾನ್ಯವನ್ನು ಬೆಳೆಯುತ್ತಾರೆ. ಉಣ್ಣೆ ಬೆಳೆಯಲು ಗಂಧಕ ಬೇಕೇ ಬೇಕು. ವಿಜ್ಞಾನಿಗಳು ಸೂರ್ಯಕಾಂತಿ ಬೀಜದ ಗಂಧಕಭರಿತ ಆಲ್ಬುಮಿನ್‌ನ ವಂಶವಾಹಿಯನ್ನು ಲೂಪಿನ್‌ಗೆ ಸೇರಿಸಿದರು. ಕಾಳಿನ ಮೆಥಿಯೊನಿನ್ ಬಹುತೇಕ ಇಮ್ಮಡಿಯಾಯಿತು. ಅದನ್ನು ತಿಂದ ಇಲಿಗಳು ಹೆಚ್ಚು ತೂಕ ಪಡೆದವು. ಗೆದ್ದೆವು ಎನ್ನುವಷ್ಟರಲ್ಲಿ ಲೆಕ್ಕ ನೋಡಿದರೆ ಕಾಳಿನ ಒಟ್ಟು ಗಂಧಕ ಇದ್ದಷ್ಟೇ ಇತ್ತು. ಸಿಸ್ಟೀನ್ ಸ್ವಲ್ಪ ಇಳಿದಿತ್ತು. ಕಾಳು ಹೊಸ ಗಂಧಕವನ್ನು ಸಂಪಾದಿಸಿರಲಿಲ್ಲ. ಇದ್ದುದನ್ನೇ ಈ ಜೇಬಿನಿಂದ ಆ ಜೇಬಿಗೆ ಹಾಕಿಕೊಂಡಿತ್ತು.

ಕಾಳಿನ ಈ ಜಾಣತನಕ್ಕೆ ಇನ್ನೂ ದೊಡ್ಡ ಸಾಕ್ಷಿ 2011ರಲ್ಲಿ ಸಿಕ್ಕಿತು. ಸೋಯಾದ ಗ್ಲೈಸಿನಿನ್, ಕಾನ್‌ಗ್ಲೈಸಿನಿನ್ ಎರಡನ್ನೂ ಅಮೆರಿಕದ ವಿಜ್ಞಾನಿಗಳು ಹೆಚ್ಚುಕಡಿಮೆ ಬಾಯಿ ಮುಚ್ಚಿಸಿದರು. ಇವೆರಡೇ ಸೋಯಾ ಪ್ರೋಟೀನಿನ ಸುಮಾರು ಶೇಕಡಾ 70. ಅವು ಹೋದರೆ ಕಾಳು ಜೊಳ್ಳಾಗಬೇಕಿತ್ತಲ್ಲ? ಹಾಗಾಗಲಿಲ್ಲ. ಬೇರೆ ಬೇರೆ ಪ್ರೋಟೀನುಗಳನ್ನು ಹೆಚ್ಚಾಗಿ ತಯಾರಿಸಿಕೊಂಡು ಸೋಯಾ ತನ್ನ ಒಟ್ಟು ಪ್ರೋಟೀನನ್ನು ಹೆಚ್ಚುಕಡಿಮೆ ಮೊದಲಿನ ಮಟ್ಟಕ್ಕೇ ತಂದು ನಿಲ್ಲಿಸಿತು. ಬುತ್ತಿಯಲ್ಲಿ ರೊಟ್ಟಿ ಇಲ್ಲದಿದ್ದರೆ ಅವಲಕ್ಕಿ ಕಟ್ಟಿತು. ಖಾಲಿ ಬುತ್ತಿ ಮಾತ್ರ ಕಳುಹಿಸಲಿಲ್ಲ.

ವಂಶವಾಹಿಗಳು ಪಾಕವಿಧಾನವನ್ನು ಹೇಳುತ್ತವೆ. ಆದರೆ ಎಷ್ಟು ಸಾಮಾನು ಬರುತ್ತದೆ, ಅದನ್ನು ಹೇಗೆ ಹಂಚಬೇಕು ಎಂಬುದನ್ನು ಇಡೀ ಗಿಡ ನಿರ್ಧರಿಸುತ್ತದೆ. ಈ ಎಲ್ಲ ಪ್ರಯೋಗಗಳ ತಿರುಳು ಇದು.

ಹೊಲದಲ್ಲಿ, ತಟ್ಟೆಯಲ್ಲಿ

ಸಾರಜನಕದ ವಿಷಯದಲ್ಲಿ ಬೇಳೆಕಾಳಿನ ಗಿಡ ಶ್ರೀಮಂತ. ಅದರ ಬೇರುಗಂಟುಗಳಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಗಳು ಗಾಳಿಯ ಸಾರಜನಕವನ್ನೇ ಹಿಡಿದು ಕೊಡುತ್ತವೆ. ಗಂಧಕಕ್ಕೆ ಮಾತ್ರ ಮಣ್ಣನ್ನೇ ನಂಬಬೇಕು. ಮಣ್ಣಿನಲ್ಲಿ ಗಂಧಕ ಕಡಿಮೆಯಾದರೆ ಸೋಯಾ ಗಿಡ ಗ್ಲೈಸಿನಿನ್ ತಯಾರಿಕೆಯನ್ನು ಇಳಿಸಿ, ಮೆಥಿಯೊನಿನ್ ಇಲ್ಲವೆನ್ನುವಷ್ಟು ಕಡಿಮೆ ಇರುವ ಒಂದು ಬಗೆಯ ಕಾನ್‌ಗ್ಲೈಸಿನಿನ್ ತುಂಡನ್ನು ಹೆಚ್ಚಿಸುತ್ತದೆ. ತೂಕದಲ್ಲಿ ಪ್ರೋಟೀನು ಸರಿಯಾಗಿಯೇ ಕಾಣುತ್ತದೆ, ಗುಣ ಇಳಿದಿರುತ್ತದೆ.

ಇದು ನಮ್ಮ ರಾಜ್ಯಕ್ಕೆ ದೂರದ ಮಾತಲ್ಲ. 2009ರಲ್ಲಿ ಕರ್ನಾಟಕ ಕೃಷಿ ಇಲಾಖೆ ಇಕ್ರಿಸ್ಯಾಟ್ ಸಂಸ್ಥೆಯೊಂದಿಗೆ ‘ಭೂಚೇತನ’ ಕಾರ್ಯಕ್ರಮ ಆರಂಭಿಸಿ ಮಳೆಯಾಶ್ರಿತ ಹೊಲಗಳ ಮಣ್ಣನ್ನು ಪರೀಕ್ಷಿಸಿದಾಗ ಗಂಧಕ, ಸತು, ಬೋರಾನ್‌ಗಳ ಕೊರತೆ ವ್ಯಾಪಕವಾಗಿ ಕಂಡಿತು. ಯೂರಿಯಾದಲ್ಲಾಗಲಿ ಡಿಎಪಿಯಲ್ಲಾಗಲಿ ಗಂಧಕ ಇಲ್ಲ. ಜಿಪ್ಸಂ, ಸೂಪರ್ ಫಾಸ್ಫೇಟ್‌ಗಳಲ್ಲಿ ಇದೆ. ಮಣ್ಣು ಪರೀಕ್ಷೆ ಮಾಡಿಸಿ ಅಗತ್ಯವಿದ್ದಷ್ಟು ಜಿಪ್ಸಂ ಹಾಕುವುದು ಇಳುವರಿಯ ಜೊತೆಗೆ ಕಾಳಿನ ಗುಣಕ್ಕೂ ಬೇಕಾದ ಕೆಲಸ.

ತಳಿ ವಿಜ್ಞಾನಿಗಳೂ ಸುಮ್ಮನೆ ಕೂತಿಲ್ಲ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್‌ನಲ್ಲಿ ತೊಗರಿಯನ್ನು ಅದರ ಕಾಡು ಬಂಧುಗಳೊಂದಿಗೆ ಸಂಕರಿಸಿ ಶೇಕಡಾ 26ಕ್ಕೂ ಮಿಕ್ಕಿ ಪ್ರೋಟೀನಿರುವ ಸಾಲುಗಳನ್ನು ಪಡೆದಿದ್ದಾರೆ. 2012ರಲ್ಲಿ ತೊಗರಿಯ, 2013ರಲ್ಲಿ ಕಡಲೆಯ ವಂಶವಾಹಿ ನಕ್ಷೆಗಳು ಪ್ರಕಟವಾದ ಮೇಲೆ ಹುಡುಕಾಟ ಸುಲಭವಾಗಿದೆ. ಕಾಡು ತಳಿಗಳನ್ನು ಉಳಿಸಿಕೊಳ್ಳುವುದು ಎಷ್ಟು ಮುಖ್ಯ ಎಂಬುದಕ್ಕೆ ಮೆಕ್ಸಿಕೊದ ಕಾಡು ಬೀನ್ಸ್ ಸಾಕ್ಷಿ. ಅವುಗಳ ಕಾಳಿನಲ್ಲಿ ಆರ್ಸೆಲಿನ್ ಎಂಬ ಪ್ರೋಟೀನು ಸಿಕ್ಕಿತು. ಅರ್ಸೇಲಿಯಾ ಎಂಬ ಊರಿನಿಂದ ಬಂದ ಹೆಸರು ಅದು. ದಾಸ್ತಾನಿಟ್ಟ ಕಾಳನ್ನು ಕೊರೆಯುವ ಹುಳುವಿಗೆ ಅದು ವಿಷ ಎಂದು 1988ರಲ್ಲಿ ತೋರಿಸಲಾಯಿತು. ನಾಡಿನ ತಳಿಗಳಲ್ಲಿ ಅದು ಇರಲೇ ಇಲ್ಲ.

ಪರಿಪೂರ್ಣ ಬೇಳೆ ಬರುವವರೆಗೆ ನಾವೇನು ಮಾಡಬೇಕು? ಅದಕ್ಕೆ ಉತ್ತರ ನಮ್ಮ ಅಡುಗೆಮನೆಯಲ್ಲಿ ಬಹಳ ಹಿಂದೆಯೇ ಇದೆ. ಬೇಳೆಯಲ್ಲಿ ಕಡಿಮೆಯಿರುವ ಮೆಥಿಯೊನಿನ್ ಧಾನ್ಯಗಳಲ್ಲಿ ಹೆಚ್ಚಿದೆ, ಧಾನ್ಯಗಳಲ್ಲಿ ಕಡಿಮೆಯಿರುವ ಲೈಸಿನ್ ಬೇಳೆಯಲ್ಲಿ ಧಾರಾಳವಾಗಿದೆ. ಅಕ್ಕಿ ಉದ್ದು ಸೇರಿದ ಇಡ್ಲಿ, ರಾಗಿ ಮುದ್ದೆಗೆ ಹುರುಳಿಕಾಳಿನ ಬಸ್ಸಾರು, ಜೋಳದ ರೊಟ್ಟಿಗೆ ಕಾಳು ಪಲ್ಯ, ಪಕ್ಕದಲ್ಲಿ ಎಳ್ಳಿನ ಚಟ್ನಿಪುಡಿ. ರಾಗಿಯಲ್ಲಿ, ಎಳ್ಳಿನಲ್ಲಿ ಮೆಥಿಯೊನಿನ್ ಚೆನ್ನಾಗಿಯೇ ಇದೆ. ಎರಡೂ ಒಂದೇ ತುತ್ತಿನಲ್ಲಿ ಇರಬೇಕೆಂದೇನೂ ಇಲ್ಲ, ದಿನದ ಊಟದಲ್ಲಿ ಕೂಡಿದರೆ ಸಾಕು. ಅಚ್ಚುಕೂಟದಲ್ಲಿ ಒಬ್ಬರ ಖಾನೆಯಲ್ಲಿ ಇಲ್ಲದ ಮೊಳೆಯನ್ನು ಪಕ್ಕದವರಿಂದ ಕಡ ತಂದ ಹಾಗೆ.

ಆದರೆ ಕೂಡಿಸಲು ಎರಡೂ ಸಾಕಷ್ಟು ಇರಬೇಕಲ್ಲ! ಬೇಳೆಯ ಬೆಲೆ ಏರಿದಾಗಲೆಲ್ಲ ಮನೆಯ ಸಾರಾಗಲಿ, ಶಾಲೆಯ ಬಿಸಿಯೂಟದ ಸಾಂಬಾರಾಗಲಿ ಮೊದಲು ನೀರಾಗುತ್ತದೆ. ಅನ್ನದ ಪ್ರಮಾಣ ಇಳಿಯುವುದಿಲ್ಲ, ಮಗುವಿನ ಹೊಟ್ಟೆಯೂ ತುಂಬಿದಂತೆ ಕಾಣುತ್ತದೆ. ಹೋಗುವುದು ಲೈಸಿನ್, ಕುಂಠಿತವಾಗುವುದು ಬೆಳವಣಿಗೆ. ಬಣ್ಣಬಣ್ಣದ ಡಬ್ಬಿಗಳಲ್ಲಿ ಬರುವ ಪುಡಿಗೆ ಕೊಡುವ ಹಣದಲ್ಲಿ ಎಷ್ಟು ಕಿಲೋ ಬೇಳೆ ಬರುತ್ತದೆ ಎಂದು ಹೆತ್ತವರು ಒಮ್ಮೆ ಲೆಕ್ಕ ಹಾಕಲಿ. ಶಾಲಾಭಿವೃದ್ಧಿ ಸಮಿತಿಯಲ್ಲಿರುವವರು ಸಾಂಬಾರಿಗೆ ಸೌಟು ಹಾಕಿ ಎತ್ತಿ, ತಳದಿಂದ ಬೇಳೆ ಬರುತ್ತದೆಯೇ ಎಂದು ನೋಡಲಿ. ವಿದ್ಯಾರ್ಥಿಗಳಿಗೂ ಒಂದು ಕೆಲಸ: ನಿಮ್ಮ ಮನೆಯಲ್ಲಿ ವಾರಕ್ಕೆ ಎಷ್ಟು ಬೇಳೆಕಾಳು ಖರ್ಚಾಗುತ್ತದೆ, ಅದರಲ್ಲಿ ತಲೆಗೆ ದಿನಕ್ಕೆ ಎಷ್ಟು ಗ್ರಾಂ ಬಂತು ಎಂದು ಭಾಗಿಸಿ ನೋಡಿ. ಅದರ ನಾಲ್ಕನೇ ಒಂದು ಭಾಗಕ್ಕಿಂತ ತುಸು ಕಡಿಮೆ, ಅಷ್ಟೇ ನಿಮಗೆ ಬೇಳೆಯಿಂದ ದಕ್ಕಿದ ಪ್ರೋಟೀನು. ಸಂಖ್ಯೆ ತೀರಾ ಚಿಕ್ಕದಾಗಿ ಕಂಡರೆ ಅದನ್ನು ಅಪ್ಪ ಅಮ್ಮನಿಗೂ ತೋರಿಸಿ.